ಭುಜದಿಂದ ಎಳೆದ ಗೆರೆ

ಎರಡು ಚುಕ್ಕಿಗಳ ನಡುವಿನ ಅತಿ ಹತ್ತಿರದ ದಾರಿ ಸರಳರೇಖೆ ಎಂಬುದು ಮನುಷ್ಯಕುಲ ಕಂಡುಕೊಂಡ ಮಹಾಸತ್ಯಗಳಲ್ಲಿ ಒಂದು. ಅದನ್ನು ಕಂಡುಕೊಂಡವರು ಚಾಮರಾಜಪೇಟೆಯಿಂದ ಗಾಂಧಿ ಬಜಾರಿಗೆ ಆಟೋದಲ್ಲಿ ಹೋದವರಲ್ಲ ಎಂಬುದೂ ಅಷ್ಟೇ ಸತ್ಯ. ಸ್ಕೇಲಿಲ್ಲದೆ ಪೆನ್ಸಿಲ್ ಹಿಡಿದು, ಒಂದು ಚುಕ್ಕಿಯಿಂದ ಹೊರಟು ಇನ್ನೊಂದನ್ನು ಮುಟ್ಟಲು ಹೋಗಿ, ನಡುವೆ ಮಾವಳ್ಳಿಯನ್ನೆಲ್ಲ ಸುತ್ತಿಕೊಂಡು ಬಂದವರೂ ಅಲ್ಲ. ನಾನು ಬಂದಿದ್ದೇನೆ. ಹಲವಾರು ಸಲ ಬಂದಿದ್ದೇನೆ.

ನಾಚಿಕೆಪಡಬೇಕಾದ ಮಾತು ಇದು. ಏಕೆಂದರೆ ನನ್ನ ವೃತ್ತಿಯೇ ಗೆರೆ ಎಳೆಯುವುದಾಗಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ತೆಗೆಯುವವನಾಗಿ ಸೇರಿ, ನಕ್ಷೆ ತೆಗೆಯುತ್ತಲೇ ನಿವೃತ್ತನಾದೆ. ಊರವರ ಹೊಲದ ಬದು, ಕೆರೆಯ ಏರಿ, ಇನ್ನೂ ಹುಟ್ಟದ ರಸ್ತೆ, ಹುಟ್ಟಿಯೂ ಕಣ್ಣಿಗೆ ಬೀಳದ ಚರಂಡಿ, ಎಲ್ಲವೂ ನನ್ನ ಕೈಯಿಂದ ಕಾಗದಕ್ಕೆ ಇಳಿದಿವೆ. ಆದರೆ ಆ ಗೆರೆಗಳ ಬೆನ್ನಿಗೆ ಯಾವಾಗಲೂ ಒಂದು ಸ್ಕೇಲೋ ಟೀ-ಸ್ಕ್ವೇರೋ ನಿಂತಿರುತ್ತಿತ್ತು. ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು; ಟೀ-ಸ್ಕ್ವೇರನ್ನು ಇಟ್ಟುಕೊಂಡರು. ಅದು ಸರ್ಕಾರದ ಸ್ವತ್ತು. ನನ್ನ ಕೈಯ ನೇರವೂ ಸರ್ಕಾರದ ಸ್ವತ್ತೇ ಆಗಿತ್ತೆಂದು ತಿಳಿದದ್ದು ಆಮೇಲೆ.

ಬಸವನಗುಡಿಯಿಂದ ಮಾವಳ್ಳಿಯ ಕಡೆಗೆ ಇಳಿಯುವ ಕ್ರಾಸೊಂದರಲ್ಲಿ ನಮ್ಮ ಮನೆ. ತಂದೆ ಕಟ್ಟಿಸಿದ್ದು. ಮುಂದೆ ಜಗಲಿ, ಎರಡು ಮರದ ಕಂಬ, ಒಳಗೆ ಕೆಂಪು ನೆಲ. ಸುತ್ತಲಿನ ಮನೆಗಳೆಲ್ಲ ಒಂದೊಂದಾಗಿ ಎದ್ದು ನಿಂತು ಅಂತಸ್ತಿನ ಮೇಲೆ ಅಂತಸ್ತು ಏರಿಸಿಕೊಂಡರೂ ನಮ್ಮದು ಕೂತಲ್ಲೇ ಕೂತಿದೆ. ಅದನ್ನು ಚಿತ್ರವಾಗಿ ಬರೆಯಬೇಕೆಂಬುದು ನನ್ನ ಹಳೆಯ ಆಸೆ. ಅಳತೆಯ ನಕ್ಷೆಯಲ್ಲ, ಚಿತ್ರ. ಕಂಬದ ನೆರಳು, ಸವೆದ ಹೊಸಿಲು, ಹೊಸಿಲ ಮುಂದಿನ ರಂಗೋಲಿ, ಎಲ್ಲ ಸಮೇತ. ಹಾಗಾಗಿ ನಿವೃತ್ತಿಯ ನಂತರ ಚಾಮರಾಜಪೇಟೆಯ ಗ್ರಂಧಿಗೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಡೆಯುವ ಚಿತ್ರಕಲೆಯ ತರಗತಿಗೆ ಸೇರಿದೆ. ಅರಿಸಿನ ಕುಂಕುಮದ ವಾಸನೆಯಲ್ಲಿ ಮೆಟ್ಟಿಲು ಹತ್ತಿದರೆ ಮೇಲೆ ಕಲೆ. ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರಿಗೆ ಹಾಲುಹಲ್ಲು ಬಿದ್ದು ಹೊಸದು ಬಂದಿರಲಿಲ್ಲ. ಹಲ್ಲಿನ ವಿಷಯದಲ್ಲಿ ನಾವೆಲ್ಲ ಸರಿಸಮಾನರಾಗಿದ್ದೆವು.

ಕಲಿಸುವವರು ಮತ್ತಿಕೆರೆಯಿಂದ ಬರುತ್ತಿದ್ದ ಒಬ್ಬ ಹುಡುಗಿ. ಹುಡುಗಿ ಎಂದರೆ ನನ್ನ ವಯಸ್ಸಿಗೆ ಹುಡುಗಿ, ತರಗತಿಯಲ್ಲಿ ಮೇಡಂ. ಕನ್ನಡಕವನ್ನು ಯಾವಾಗಲೂ ತಲೆಯ ಮೇಲೆ ಏರಿಸಿಟ್ಟುಕೊಂಡು, ಅದನ್ನೇ ಹುಡುಕುತ್ತಿರುತ್ತಿದ್ದರು.

"ಮನೆ ಆಮೇಲೆ ಬರೀಬಹುದು ಅಂಕಲ್. ಮೊದಲು ಗೆರೆ ಎಳೀರಿ," ಎಂದರು ಮೊದಲ ದಿನವೇ.

"ಗೆರೆ ಎಳೆಯೋಕೆ ಬರುತ್ತೆ ಮೇಡಂ. ಸರ್ವೀಸೆಲ್ಲ ಅದೇ ಮಾಡಿದ್ದು."

"ಹೌದಾ? ಸೂಪರ್. ಈ ಚುಕ್ಕಿಯಿಂದ ಆ ಚುಕ್ಕಿಗೆ ಒಂದು ಎಳೀರಿ, ನೋಡೋಣ."

ಎಳೆದೆ. ಅವರು ಕನ್ನಡಕ ಹುಡುಕಿ, ಸಿಕ್ಕಿದ ಮೇಲೆ ಹಾಕಿಕೊಂಡು, ಬಹಳ ಹೊತ್ತು ನೋಡಿದರು.

"ಇದು ಯಾವ ನದಿ ಅಂಕಲ್?"

ಹಲ್ಲಿಲ್ಲದ ಸಹಪಾಠಿಗಳು ನಕ್ಕರು. ಅಂದಿನಿಂದ ನನ್ನ ಗೆರೆಯ ಅಭ್ಯಾಸ ಶುರುವಾಯಿತು. ನಿಂತ ಗೆರೆ, ಮಲಗಿದ ಗೆರೆ, ಓರೆ ಗೆರೆ. ಅದರ ನಂತರ ಬಾಗಿದ ಗೆರೆ, ಉದ್ದ ಸೊನ್ನೆ, ದುಂಡು ಸೊನ್ನೆ. ಪುಟದ ಈ ತುದಿಯಿಂದ ಆ ತುದಿಗೆ, ಒಂದರ ಪಕ್ಕ ಒಂದು. ಮೇಡಂ ಅವರ ಶಾಸ್ತ್ರದಲ್ಲಿ ಸೂತ್ರಗಳು ಕಡಮೆ, ಆದರೆ ಕಠಿಣ. ಮಣಿಕಟ್ಟು ಬಗ್ಗಿಸಬಾರದು; ಇಡೀ ತೋಳು ಭುಜದಿಂದ ಸಾಗಬೇಕು. ಕಾಗದಕ್ಕೆ ಪೆನ್ಸಿಲ್ ತಾಗಿಸುವ ಮೊದಲು ಅದೇ ಗೆರೆಯನ್ನು ಗಾಳಿಯಲ್ಲಿ ಎಳೆದು ನೋಡಬೇಕು. ಎಳೆಯುವಾಗ ಪೆನ್ಸಿಲಿನ ತುದಿಯನ್ನು ನೋಡಬಾರದು, ಹೋಗಿ ಸೇರಬೇಕಾದ ಚುಕ್ಕಿಯನ್ನು ನೋಡಬೇಕು. ಹೊರಟ ಮೇಲೆ ನಡುವೆ ನಿಲ್ಲಬಾರದು. ಸೊಟ್ಟಗಾದರೆ ಸೊಟ್ಟಗೇ ಹೋಗಿ ಮುಟ್ಟಬೇಕು.

ಎರಡನೆಯ ವಾರ ನಾನು ಜುಬ್ಬದ ಒಳಗೆ ಒಂದು ಸಣ್ಣ ಸ್ಕೇಲು ಇಟ್ಟುಕೊಂಡು ಹೋದೆ. ಬಳಸಬೇಕೆಂದಲ್ಲ, ಪಕ್ಕದಲ್ಲಿದ್ದರೆ ಧೈರ್ಯ.

"ಅಂಕಲ್, ಅದನ್ನ ಕೊಡಿ ಇಲ್ಲಿ."

"ಯಾವುದು ಮೇಡಂ?"

"ಜುಬ್ಬದೊಳಗೆ ನೆಟ್ಟಗೆ ನಿಂತಿದೆಯಲ್ಲ, ಅದು. ನಿಮ್ಮ ಹತ್ರ ನೆಟ್ಟಗಿರೋದು ಅದೊಂದೇ, ಹಾಗಾಗಿ ಗೊತ್ತಾಯ್ತು."

ಕೊಟ್ಟೆ. ತರಗತಿ ಮುಗಿದ ಮೇಲೆ ಮಕ್ಕಳಿಗೆ ಬುಗುರಿ, ಗೋಲಿ ವಾಪಸು ಕೊಡುವ ಡಬ್ಬದಿಂದ ಅದನ್ನೂ ವಾಪಸು ಕೊಟ್ಟರು.

ಗಾಳಿಯಲ್ಲಿ ಗೆರೆ ಎಳೆಯುವುದು ಮಾತ್ರ ನನಗೆ ಚೆನ್ನಾಗಿ ಒಗ್ಗಿತು. ಗಾಳಿಯಲ್ಲಿ ಎಳೆದದ್ದನ್ನು ಯಾರೂ ತಿದ್ದುವಂತಿಲ್ಲ. ಬಸ್‌ಸ್ಟಾಪಿನಲ್ಲಿ, ದೇವಸ್ಥಾನದ ಸಾಲಿನಲ್ಲಿ, ಹೋಟೆಲಿನಲ್ಲಿ ಕೂತಾಗ ತೋಳೆತ್ತಿ ಎಳೆಯುತ್ತಿದ್ದೆ. ಒಂದು ಬೆಳಿಗ್ಗೆ ಗಾಂಧಿ ಬಜಾರಿನ ಹೋಟೆಲಿನಲ್ಲಿ ಹೀಗೆ ಎಳೆಯುತ್ತಿದ್ದಾಗ ಸಪ್ಲೈಯರ್ ಬಂದು ಇನ್ನೊಂದು ಮಸಾಲೆದೋಸೆ ಇಟ್ಟು ಹೋದ. ನಾನು ಹೇಳಿಲ್ಲವೆಂದೆ. "ಕೈ ಮಾಡಿದ್ರಲ್ಲ ಸಾರ್, ಎರಡು ಸಲ," ಎಂದ. ಕಲೆಗಾಗಿ ಕಷ್ಟಪಟ್ಟವರ ಕತೆ ಬಹಳ ಕೇಳಿದ್ದೆ. ಅದನ್ನೂ ತಿಂದೆ.

ನನ್ನ ಹೆಂಡತಿ ಈ ಸಾಧನೆಯನ್ನು ದೂರದಿಂದ ನೋಡುತ್ತಿದ್ದಳು. ಅಭ್ಯಾಸಕ್ಕೆ ಹಳೆಯ ಪೇಪರು ಬೇಕಾಗುತ್ತಿತ್ತು. ರದ್ದಿಗೆ ಕಟ್ಟಿಟ್ಟದ್ದನ್ನು ಬಿಚ್ಚಿದಾಗೆಲ್ಲ ಅವಳಿಂದ ಒಂದು ಮಾತು ಬರುತ್ತಿತ್ತು. "ಇಷ್ಟು ಗೆರೆ ಎಳೆದಿದ್ದೀರಿ, ಒಂದರ ಮೇಲಾದ್ರೂ ಬಟ್ಟೆ ಒಣಗಿ ಹಾಕಬಹುದಾ?" ಎಂದು ಕೇಳಿದ್ದಳು. ಅವಳಿಗೆ ಕೇಳುವ ಹಕ್ಕಿತ್ತು. ದಿನಾ ಬೆಳಗ್ಗೆ ಹೊಸಿಲ ಮುಂದೆ ನಿಂತು, ಬಾಗಿ, ಮಾತಾಡುತ್ತಲೇ ಬಾಗಿಲಗಲದ ರಂಗೋಲಿ ಹಾಕಿ ಒಳಗೆ ಬರುತ್ತಿದ್ದವಳು ಅವಳು.

ಆ ರಂಗೋಲಿಯ ಹಿಂದೆ ಒಂದು ಸಂಗತಿಯಿದೆ. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ತಾಯಿ ಅವಳಿಗೆ ಬೀಗದ ಕೈ ಕೊಡಲಿಲ್ಲ, ಅಡುಗೆಮನೆ ಕೊಡಲಿಲ್ಲ. ಅವೆರಡನ್ನೂ ಬಹಳ ಕಾಲ ತಾವೇ ಇಟ್ಟುಕೊಂಡರು. ಮಾರನೆಯ ಬೆಳಗ್ಗೆ ರಂಗೋಲಿ ಪುಡಿ ತುಂಬಿದ ತೆಂಗಿನ ಚಿಪ್ಪೊಂದನ್ನು ಅವಳ ಕೈಗಿಟ್ಟು, "ಇನ್ಮೇಲೆ ಬಾಗಿಲು ನಿಂದು ಕಣಮ್ಮ," ಎಂದರು, ಅಷ್ಟೆ. ಹೊಸ ಮನೆಯಲ್ಲಿ ಇದು ನನ್ನದು ಎನ್ನಲು ಅವಳಿಗೆ ಸಿಕ್ಕ ಮೊದಲ ಜಾಗ ಆ ಹೊಸಿಲ ಮುಂದಿನ ನಾಲ್ಕು ಹೆಜ್ಜೆ ಕಲ್ಲು. ಆಮೇಲೆ ಬೀಗದ ಕೈ ಬಂತು, ಅಡುಗೆಮನೆ ಬಂತು, ನಾನೂ ಒಂದು ರೀತಿಯಲ್ಲಿ ಬಂದೆ. ಆದರೆ ಅದೇ ಚಿಪ್ಪು, ಉಜ್ಜಿ ಉಜ್ಜಿ ಕನ್ನಡಿಯಂತಾಗಿ, ಇವತ್ತಿಗೂ ಹೊಸಿಲ ಪಕ್ಕದ ಗೂಡಿನಲ್ಲಿದೆ.

ಕಳೆದ ಗೌರಿಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಸೇವಂತಿಗೆ ಕೊಂಡು ಬರುವಾಗ ಫುಟ್‌ಪಾತಿನ ಕಲ್ಲೊಂದು ಅವಳ ಕಾಲಡಿ ಏರುಪೇರಾಯಿತು. ಬಿದ್ದಳು. ಬೀಳುವಾಗ ಎಡಗೈಯಲ್ಲಿದ್ದ ಹೂವಿನ ಪೊಟ್ಟಣವನ್ನು ಮೇಲೆತ್ತಿ ಹಿಡಿದು, ಬಲಗೈಯನ್ನು ನೆಲಕ್ಕೆ ಕೊಟ್ಟಳು. ಒಂದು ಎಸಳೂ ನಲುಗಲಿಲ್ಲ, ಮಣಿಕಟ್ಟು ಮುರಿಯಿತು. ಗೌರಿಗೆ ಹೂವೇರಿತು, ಇವಳ ಕೈಗೆ ಪ್ಲಾಸ್ಟರ್ ಏರಿತು.

ದೀಪಾವಳಿಯ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿತ್ತು, ಆದರೆ ಮಣಿಕಟ್ಟು ಬಾಗಿಲಿನ ಹಳೆಯ ಚಿಲಕದಂತೆ ಬಿಗಿದುಕೊಂಡಿತ್ತು. ಅತ್ತ ಬಾಗದು, ಇತ್ತ ತಿರುಗದು. ಫಿಸಿಯೋಥೆರಪಿಯವರು ಒಂದು ಹಳದಿ ಮೆತ್ತನೆಯ ಚೆಂಡು ಕೊಟ್ಟು ದಿನಾ ಅದುಮಲು ಹೇಳಿದರು. ಅವಳು ಅದನ್ನು ಹಣ್ಣಿನ ತಟ್ಟೆಯಲ್ಲಿಟ್ಟಳು. ಒಬ್ಬ ನೆಂಟರು ಮೂಸಂಬಿ ಎಂದುಕೊಂಡು ಅದಕ್ಕೆ ಕೈಯನ್ನೂ ಹಾಕಿದರು.

ಮೊದಲ ಬೆಳಗ್ಗೆ ಚಿಪ್ಪು ಹಿಡಿದು ಹೊಸಿಲಿಗೆ ಹೋದಳು. ಪುಡಿ ಬೆರಳ ಸಂದಿಯಿಂದ ಗೆರೆಯಾಗಿ ಇಳಿಯುವ ಬದಲು ಗುಡ್ಡೆ ಗುಡ್ಡೆಯಾಗಿ ಬಿತ್ತು. ಸುಳಿ ತಿರುಗಿಸಲು ಕೈ ಒಪ್ಪಲಿಲ್ಲ. ಅರ್ಧಕ್ಕೆ ನಿಲ್ಲಿಸಿ, ಪೊರಕೆಯಿಂದ ಗುಡಿಸಿ, ಒಳಗೆ ಬಂದು ಕಾಫಿಗಿಟ್ಟಳು. ಮಾತಾಡದೆ ಅವಳು ಕಾಫಿ ಮಾಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಎದುರುಮನೆಯಾಕೆ ಒಳ್ಳೆಯವರು. ಕಲಾಸಿಪಾಳ್ಯದಲ್ಲಿ ಅವರದು ತರಕಾರಿ ಮಂಡಿ. ಮಂಡಿಯಲ್ಲಿ ಪಳಗಿದ ಗಂಟಲು. "ಅಕ್ಕಾ, ಕೈ ಸರಿಹೋಗೋಗಂಟ ನಾನೇ ಹಾಕ್ಬಿಡ್ತೀನಿ ಬಿಡಿ ನಿಮ್ಮನೇದು. ನಮ್ದು ಹಾಕ್ತೀನಲ್ಲ, ಜೊತೇಲೊಂದು!" ಎಂದು ರಸ್ತೆಯ ಆ ಕಡೆಯಿಂದಲೇ ಕೂಗಿದರು. ಇವಳು ನಯವಾಗಿ ಬೇಡವೆಂದಳು. ಒಳಗೆ ಬಂದು ನನಗೆ ಹೇಳಿದಳು: "ಪಾಪ, ಒಳ್ಳೆ ಮನಸ್ಸಿಂದಾನೇ ಕೇಳಿದ್ರು. ಆದ್ರೆ ಇನ್ನೊಬ್ಬರ ಗೆರೆ ದಾಟಿ ನಮ್ಮನೆಗೆ ನಾನು ಹೆಂಗೆ ಬರಲಿ?"

ಸಮಸ್ಯೆ ಬಂದಾಗ ಪರಿಹಾರ ಹುಡುಕುವುದು ಗಂಡಸಿನ ಧರ್ಮ. ಪರಿಹಾರ ಯಾರಿಗೆ ಬೇಕೆಂದು ಕೇಳುವುದು ಆ ಧರ್ಮದಲ್ಲಿ ಬರುವುದಿಲ್ಲ. ನಾನು ನಗರ್ತಪೇಟೆಗೆ ಹೋಗಿ ಒಂದು ಪ್ಲಾಸ್ಟಿಕ್ ರಂಗೋಲಿ ಸ್ಟಿಕರ್ ತಂದೆ. ಎಂಟೆಸಳಿನ ಕಮಲ, ಸುತ್ತ ನವಿಲು. ಅವಳು ದೇವಸ್ಥಾನಕ್ಕೆ ಹೋದಾಗ ಅಂಟಿಸಿದೆ. ವಾಪಸು ಬಂದವಳು ಅದರ ಮುಂದೆ ಚಪ್ಪಲಿ ಬಿಟ್ಟು ನಿಂತಳು.

"ಇದು ಮಳೆ ಬಂದ್ರೆ ಹೋಗುತ್ತಾ?"

"ಇಲ್ಲ. ವಾಟರ್‌ಪ್ರೂಫ್," ಎಂದೆ ಹೆಮ್ಮೆಯಿಂದ.

"ನಾಳೆಗೂ ಇದೇ ಇರುತ್ತಾ? ನಾಡಿದ್ದಿಗೂ?"

"ವರ್ಷಗಟ್ಟಲೆ ಇರುತ್ತೆ."

"ಹಾಗಾದ್ರೆ ಬೆಳಗಾಯ್ತು ಅಂತ ಬಾಗಿಲಿಗೆ ಹೇಗ್ರೀ ಗೊತ್ತಾಗಬೇಕು?"

ಬಿಸಿನೀರು ತಂದು ಅದನ್ನು ಕಿತ್ತದ್ದು ನಾನೇ. ನವಿಲುಗಳು ಕೊನೆಯವರೆಗೂ ಹೋರಾಡಿದವು. ಆ ದಿನ ಊಟದ ಹೊತ್ತಿಗೆ ಅವಳು ತೀರ್ಮಾನ ಹೇಳಿದಳು. "ಸಂಕ್ರಾಂತಿವರೆಗೂ ನೋಡ್ತೀನಿ. ಅಷ್ಟರೊಳಗೆ ಕೈ ಬರಲಿಲ್ಲ ಅಂದ್ರೆ ಆ ಚಿಪ್ಪು ಅಟ್ಟಕ್ಕೆ ಹಾಕ್ಬಿಡಿ. ಬಾಗಿಲಿಗೆ ನೀರು ಹಾಕ್ತೀನಿ, ಅಷ್ಟೇ ಸಾಕು." ಹೇಳಿ ಸಾರು ಬಡಿಸಿದಳು, ಎಡಗೈಯಲ್ಲಿ. ಸಾರು ತಟ್ಟೆಯ ಆಚೆ ಬಿತ್ತು. ನಾನು ತಟ್ಟೆಯನ್ನು ಆ ಕಡೆ ಸರಿಸಿಕೊಂಡು ಉಂಡೆ.

ಆ ಚಿಪ್ಪು ಅಟ್ಟಕ್ಕೆ ಹೋಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಮಾಡಬೇಕಾದ್ದೇನು ಎಂದು ಯೋಚಿಸಿದೆ. ಗೆರೆಯ ಜಾಗ ಮೊದಲೇ ಗುರುತು ಹಾಕಿಕೊಟ್ಟರೆ ಅವಳು ಅದರ ಮೇಲೆ ಪುಡಿ ಬಿಟ್ಟುಕೊಂಡು ಹೋದರಾಯಿತು, ಕೈ ತಾನಾಗಿ ಪಳಗುತ್ತದೆ ಎನ್ನಿಸಿತು. ಮಾರನೆಯ ದಿನ ಅವಳೆದ್ದು ಬರುವ ಮೊದಲೇ ಸೀಮೆಸುಣ್ಣ, ನೂಲು, ಟೇಪು, ಮತ್ತು ಆ ಸಣ್ಣ ಸ್ಕೇಲು ಹಿಡಿದು ಹೊರಗೆ ಹೋದೆ. ನಿವೃತ್ತಿಯ ನಂತರ ಅಷ್ಟು ಸಂತೋಷದಿಂದ ನಾನು ಕೆಲಸ ಮಾಡಿದ್ದಿಲ್ಲ. ಹೊಸಿಲಿನ ಮಧ್ಯಬಿಂದು ಹಿಡಿದು ರಸ್ತೆಯ ಅಂಚಿನವರೆಗೆ ನಡುಗೆರೆ ಎಳೆದೆ, ಅದಕ್ಕೆ ಲಂಬವಾಗಿ ಅಡ್ಡಗೆರೆಗಳು, ಒಂದೊಂದು ಕೂಡುವಲ್ಲಿ ಒಂದೊಂದು ಗುರುತು, ಗುರುತಿಗೊಂದು ನಂಬರು. ಅಭ್ಯಾಸಬಲದಿಂದ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನೂ ಹಾಕಿಬಿಟ್ಟೆ. ಕೈ ತೊಳೆಯಲು ಒಳಗೆ ಹೋದೆ.

ಕೈ ಒರೆಸಿಕೊಳ್ಳುವಷ್ಟರಲ್ಲಿ ಹೊರಗೆ ಗದ್ದಲ.

ಬೆಂಗಳೂರಿನ ರಸ್ತೆಯ ಮೇಲೆ ಬೆಳಗಾಗುವಷ್ಟರಲ್ಲಿ ಬಿಳಿ ಗೆರೆ, ನಂಬರು, ಬಾಣ ಕಾಣಿಸಿಕೊಂಡರೆ ಅದಕ್ಕೆ ಒಂದೇ ಅರ್ಥ. ಎದುರುಮನೆಯಾಕೆ ಆಗಲೇ ಹೂಕುಂಡಗಳನ್ನೆಲ್ಲ ಒಳಗೆ ಸಾಗಿಸಿ, ಸ್ಕೂಟರ್ ಮನೆಯೊಳಕ್ಕೆ ನೂಕಿ, ನಡುರಸ್ತೆಯಲ್ಲಿ ನಿಂತಿದ್ದರು.

"ಸಾರ್, ನೋಡಿದ್ರಾ? ಬೆಳಗಾಗೋದ್ರಲ್ಲಿ ಬಂದು ಮಾರ್ಕ್ ಮಾಡ್ಬಿಟ್ಟವ್ರೆ! ಇನ್ನೂ ಮೊನ್ನೆ ಮುಚ್ಚವ್ರೆ, ಆಗ್ಲೇ ಅಗೆಯಕ್ ಬಂದವ್ರೆ!"

"ಗ್ಯಾಸ್ ಪೈಪಂತೆ," ಎಂದರು ಹಾಲು ತರಲು ಹೊರಟಿದ್ದ ಒಬ್ಬರು.

"ಗ್ಯಾಸ್ ಅಲ್ರೀ, ಕೇಬಲ್ಲು. ಗ್ಯಾಸಿಗಾದ್ರೆ ಹಳದಿ ಬಳೀತಾರೆ," ಎಂದರು ಇನ್ನೊಬ್ಬರು, ತಿಳಿದವರಂತೆ.

"ಯಾವುದಾದ್ರೂ ಆಗ್ಲಿ, ನಿಮ್ಮನೆ ಬಾಗ್ಲಿಂದ್ಲೇ ಶುರು ಸಾರ್. ಬಾಣ ಬೇರೆ ಹಾಕವ್ರೆ. ನಿಮ್ಮ ಜಗಲಿ ಹೋಯ್ತು ಅಂತ್ಲೇ ಲೆಕ್ಕ. ಬಿಡ್ಬೇಡಿ ಸಾರ್, ನೀವು ಸರ್ಕಾರದಲ್ಲಿದ್ದೋರು, ಒಂದು ಅರ್ಜಿ ಗೀಚಾಕಿ!"

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದಳು. ಹೊಸಿಲ ಮೇಲೆ ನಿಂತು ಗೆರೆಗಳನ್ನು ನೋಡಿದಳು, ನಂಬರುಗಳನ್ನು ನೋಡಿದಳು, ನನ್ನ ಮೊಣಕಾಲಿನ ಸುಣ್ಣವನ್ನು ನೋಡಿದಳು.

"ಬಾಣ ಯಾಕ್ರೀ?"

"ಉತ್ತರ ದಿಕ್ಕು," ಎಂದೆ ಮೆಲ್ಲಗೆ.

"ಲಕ್ಷ್ಮಿ ದಾರಿ ತಪ್ತಾಳೆ ಅಂತಲಾ?"

ಹೇಳಿ ಅವಳಿಗೇ ತಡೆಯಲಾಗಲಿಲ್ಲ. ಕಂಬ ಹಿಡಿದುಕೊಂಡು ನಕ್ಕಳು. ವಿಷಯ ತಿಳಿದ ಮೇಲೆ ಎದುರುಮನೆಯಾಕೆ ನಕ್ಕ ನಗು ಮಾವಳ್ಳಿಗೆ ಕೇಳಿಸಿರಬೇಕು. ಕೇಬಲ್ ಎಂದವರು ಮಾತ್ರ ನಗದೆ, ನಂಬರುಗಳ ಅಂತರ ಸರಿಯಾಗಿದೆ ಎಂದು ಹೇಳಿ ಹೋದರು. ಗೌರಿಹಬ್ಬದ ನಂತರ ನಮ್ಮ ಮನೆಯ ಮುಂದೆ ಅವಳ ನಗು ಕೇಳಿದ್ದು ಅಂದು. ಅಷ್ಟರ ಮಟ್ಟಿಗೆ ನಕ್ಷೆ ಸಫಲವಾಯಿತೆಂದು ನಾನು ಒಳಗೊಳಗೇ ಬರೆದುಕೊಂಡೆ.

ಅದೇ ಮಧ್ಯಾಹ್ನ ನಾನು ಊಟದ ಮೇಜಿನ ಮೇಲೆ ಪೇಪರು ಹಾಸಿ ಗೆರೆಯ ಅಭ್ಯಾಸಕ್ಕೆ ಕೂತಿದ್ದೆ. ಅವಳು ಎದುರಿಗೆ ಬಂದು ಕೂತಳು. ಬೆಳಗಿನ ನಗು ಮುಖದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಕೊಡಿ ಇಲ್ಲಿ. ಏನು ಮಾಡ್ತೀರಿ ದಿನಾ, ನಾನೂ ನೋಡ್ತೀನಿ."

ಎರಡು ಚುಕ್ಕಿ ಇಟ್ಟುಕೊಟ್ಟೆ. ಅವಳು ಪೆನ್ಸಿಲ್ ಹಿಡಿದಳು. ಕಣ್ಣು ಮಾತ್ರ ಮಣಿಕಟ್ಟಿನ ಮೇಲೆ. ಅದು ಎಲ್ಲಿ ನೋಯುತ್ತದೋ, ಎಲ್ಲಿ ತಡೆಯುತ್ತದೋ ಎಂದು ಕಾಯುತ್ತಿದ್ದಂತೆ. ಗೆರೆ ಅರ್ಧಕ್ಕೆ ನಡುಗಿ ನಿಂತಿತು. ಪೆನ್ಸಿಲ್ ಕೆಳಗಿಟ್ಟಳು.

"ನೋಡಿದ್ರಾ? ಇಷ್ಟೇ ಇದು."

"ಕೈ ನೋಡಬೇಡ ಕಣೆ," ಎಂದೆ. "ಹೋಗಿ ಸೇರಬೇಕಲ್ಲ, ಆ ಚುಕ್ಕಿ ನೋಡು. ಗಾಳಿಯಲ್ಲಿ ಒಂದು ಸಲ ಎಳಿ. ಆಮೇಲೆ ಭುಜದಿಂದ ತಳ್ಳು. ಮಣಿಕಟ್ಟು ಬಗ್ಗಿಸಲೇಬಾರದು."

"ಬಗ್ಗಿಸು ಅಂದ್ರೂ ಬಗ್ಗಲ್ಲವಲ್ರೀ ಅದು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ತಿಂಗಳುಗಟ್ಟಲೆ ನನ್ನ ಮೇಡಂ ಯಾವುದನ್ನು ನನ್ನ ಕೈಯಿಂದ ಮಾಡಿಸಲು ಹೆಣಗುತ್ತಿದ್ದರೋ, ಅದು ಇವಳಿಗೆ ಡಾಕ್ಟರ ಕೃಪೆಯಿಂದ ಆಗಿಹೋಗಿತ್ತು. ಅವಳು ತೋಳೆತ್ತಿ ಗಾಳಿಯಲ್ಲಿ ಒಮ್ಮೆ ಎಳೆದಳು. ಕಣ್ಣು ದೂರದ ಚುಕ್ಕಿಗೆ. ಪೆನ್ಸಿಲ್ ಇಳಿಯಿತು, ಹೊರಟಿತು, ಎಲ್ಲೂ ನಿಲ್ಲದೆ ಹೋಗಿ ಮುಟ್ಟಿತು. ನೆಟ್ಟಗೆ. ಬಟ್ಟೆ ಒಣಗಿ ಹಾಕುವಷ್ಟು ನೆಟ್ಟಗೆ.

ನಾನು ಹೇಳಿದ ಮಾತೊಂದು ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ನೋಡಿ ನನಗೇ ಒಂದು ಕ್ಷಣ ಅನುಮಾನವಾಯಿತು.

ಅಂದಿನಿಂದ ಮೇಜಿನ ಮೇಲೆ ಎರಡು ಪೇಪರು ಹಾಸತೊಡಗಿದೆವು. ಮಧ್ಯಾಹ್ನದ ಕಾಫಿಯ ನಂತರ ಅವಳು ಆ ಕಡೆ, ನಾನು ಈ ಕಡೆ. ಸೈಟು ಮಾರಾಟ, ವಧು ಬೇಕಾಗಿದೆ, ಶ್ರದ್ಧಾಂಜಲಿ, ಎಲ್ಲದರ ಮೇಲೂ ಗೆರೆ ಹಾಯಿಸಿದೆವು. ಒಬ್ಬರದನ್ನು ಒಬ್ಬರು ತಿದ್ದುವುದೂ ಶುರುವಾಯಿತು. ಅಂದರೆ ಅವಳು ನನ್ನದನ್ನು. "ರೀ, ಮತ್ತೆ ಮಣಿಕಟ್ಟು," ಎಂದು ಅಲ್ಲಿಂದಲೇ ಗದರುತ್ತಿದ್ದಳು. ಹಳದಿ ಚೆಂಡು ಹಣ್ಣಿನ ತಟ್ಟೆಯಿಂದ ಎದ್ದು ಮೇಜಿಗೆ ಬಂತು. ಗೆರೆಗೂ ಗೆರೆಗೂ ನಡುವೆ, ನನ್ನನ್ನು ಗದರುತ್ತ, ತನಗೆ ತಿಳಿಯದಂತೆ ಅದನ್ನು ಅದುಮುತ್ತಿದ್ದಳು. ಪೆನ್ಸಿಲಿನಿಂದ ರಂಗೋಲಿ ಪುಡಿಗೆ ಬಂದೆವು. ಒಳಮನೆಯ ಕೆಂಪು ನೆಲದ ಮೇಲೆ ಪುಡಿಯ ಗೆರೆ ಎಳೆಯುವುದು, ಗುಡಿಸುವುದು, ಮತ್ತೆ ಎಳೆಯುವುದು. ಗುಡ್ಡೆಗಳು ಸಣ್ಣದಾದವು, ಸಣ್ಣದಾಗಿ ದಾರವಾದವು.

ಆದರೆ ಸುಳಿ ಬರಲಿಲ್ಲ. ನೇರ ಗೆರೆಗೆ ಭುಜ ಸಾಕು. ಬೆರಳಗಲದ ಸುಳಿಗೆ ಮಣಿಕಟ್ಟೇ ಬೇಕು. ಅವಳ ಹಳೆಯ ರಂಗೋಲಿಗಳೆಲ್ಲ ಸಣ್ಣ ಸಣ್ಣ ಸುಳಿಗಳ ಬಳ್ಳಿ. ಧನುರ್ಮಾಸ ಬಂತು, ಎದುರುಮನೆಯ ಮುಂದೆ ದಿನಕ್ಕೊಂದು ಬಣ್ಣದ ರಂಗೋಲಿ ಅರಳುತ್ತಿತ್ತು, ನಮ್ಮ ಹೊಸಿಲ ಮುಂದೆ ನೀರು ಹಾಕಿದ ಕಲ್ಲು. "ಸುಳಿ ಇಲ್ಲದ್ದು ರಂಗೋಲಿ ಅಲ್ಲ ಬಿಡಿ, ನಿಮ್ಮ ನಕ್ಷೆ ಆಗುತ್ತೆ," ಎಂದು ಅವಳು ಮತ್ತೆ ಮಂಕಾದಳು. ಒಂದು ಸಂಜೆ ಚಿಪ್ಪನ್ನು ಗೂಡಿನಿಂದ ತೆಗೆದು, ಒರೆಸಿ, ಒಳಗೆ ತಂದಿಟ್ಟಳು. ಅಟ್ಟದ ದಾರಿಯಲ್ಲಿ ಅದು ಅರ್ಧ ಬಂದಂತಾಯಿತು.

ಆ ವಾರ ತರಗತಿಗೆ ಒಯ್ದ ನನ್ನ ಅಭ್ಯಾಸದ ಕಂತೆಯೊಳಗೆ ಅವಳ ಪೇಪರೂ ಒಂದು ಸೇರಿಹೋಗಿತ್ತು. ಮೇಡಂ ಒಂದೊಂದಾಗಿ ತಿರುವಿ ಹಾಕುತ್ತಿದ್ದವರು ಅದರ ಮೇಲೆ ಕೈಯಿಟ್ಟು ನಿಂತರು.

"ಅಂಕಲ್! ಬಂತು ನೋಡಿ ಕೈ! ಏನು ಗೆರೆ ಇದು!"

"ಅದು ನಂದಲ್ಲ ಮೇಡಂ. ನನ್ನ ಹೆಂಡತೀದು."

"ಓ," ಎಂದರು. "ಹಾಗಾದ್ರೆ ಆಂಟೀನ ಕಳ್ಸಿ. ನೀವು ಮನೇಲಿರಿ."

ಅವಳ ಕೈಯ ಕತೆ ಹೇಳಿದೆ. ಸುಳಿಯ ತೊಂದರೆಯನ್ನೂ, ಸಂಕ್ರಾಂತಿಯ ಗಡುವನ್ನೂ ಹೇಳಿದೆ. ಮೇಡಂ ಕನ್ನಡಕವನ್ನು ತಲೆಗೇರಿಸಿ ಯೋಚಿಸಿದರು. ಆಮೇಲೆ ಎದ್ದು, ಕರಿಹಲಗೆಯ ಮೇಲೆ ಒಂದು ಸಣ್ಣ ಸುಳಿ ಬರೆದರು, ಮಣಿಕಟ್ಟು ತಿರುಗಿಸಿ. ಅದರ ಪಕ್ಕದಲ್ಲಿ ಅದೇ ಸುಳಿಯನ್ನು ಹಲಗೆಯ ಉದ್ದಕ್ಕೂ ಬರೆದರು. ಈ ಸಲ ಮಣಿಕಟ್ಟು ಅಲುಗಲಿಲ್ಲ. ತೋಳು ಪೂರ್ತಿ ಸುತ್ತಿ ಬಂತು.

"ದೊಡ್ಡದು ಮಾಡೋಕೆ ಹೇಳಿ ಅಂಕಲ್. ಭುಜಕ್ಕೆ ಜಾಗ ಬೇಕು, ಅಷ್ಟೇ. ಬಾಗಿಲು ಸಾಲದಿದ್ರೆ ರಸ್ತೆ ಇದೆಯಲ್ಲ?"

ನಾನು ಮನೆಗೆ ನಡೆದೇ ಬಂದೆ, ಆಟೋಗೆ ಕಾಯುವ ತಾಳ್ಮೆಯಿರಲಿಲ್ಲ. ಬಂದವನೇ ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತು ತೋಳು ಬೀಸಿ ತೋರಿಸಿದೆ. ಗೋಡೆಯ ಕ್ಯಾಲೆಂಡರು ಬಿತ್ತು. ಅವಳು ಅದನ್ನು ಎತ್ತಲಿಲ್ಲ. ತನ್ನ ತೋಳನ್ನೂ ಎತ್ತಿ, ಗಾಳಿಯಲ್ಲಿ, ನಿಧಾನವಾಗಿ ಒಂದು ದೊಡ್ಡ ಸುಳಿ ತಿರುಗಿಸಿದಳು. ಇನ್ನೊಂದು ತಿರುಗಿಸಿದಳು.

"ಇಷ್ಟು ದೊಡ್ಡದಕ್ಕೆ ಚುಕ್ಕಿ ಎಷ್ಟು ಬೇಕಾಗುತ್ತೆ ಗೊತ್ತಾ?" ಎಂದಳು. "ಚುಕ್ಕಿ ಇಡೋಷ್ಟರಲ್ಲೇ ಬೆರಳು ಸೋತುಹೋಗುತ್ತೆ. ಗೆರೆಗೆ ಏನುಳಿಯುತ್ತೆ?"

ಬಾಗಿಲು ಅವಳದು. ಕೇಳದೆ ಒಂದು ಸಲ ಸ್ಟಿಕರ್ ತಂದಿದ್ದೆ, ಕೇಳದೆ ಒಂದು ಸಲ ಬಾಣ ಹಾಕಿದ್ದೆ. ಕೆಳಗೆ ಬಿದ್ದ ಕ್ಯಾಲೆಂಡರ್ ಎತ್ತಿ ಮೊಳೆಗೆ ಹಾಕುತ್ತ ನಿಂತೆ. ಮೊಳೆ ಸಿಗಲು ಬಹಳ ಹೊತ್ತು ಹಿಡಿಯಿತು.

"ಸ್ಕೇಲಿಲ್ಲದೆ ಚುಕ್ಕಿ ಇಡೋಕೆ ಬರುತ್ತಾ ನಿಮಗೆ?" ಎಂದು ಹಿಂದಿನಿಂದ ಕೇಳಿದಳು.

"ಗೇಣಿದೆಯಲ್ಲ," ಎಂದೆ ಗೋಡೆಗೆ.

"ನಂಬರು ಹಾಕಬಾರದು."

"ಹಾಕಲ್ಲ."

"ಬಾಣ?"

"ಇಲ್ಲ ಕಣೆ."

ಸಂಕ್ರಾಂತಿಯ ಬೆಳಗ್ಗೆ ಚಳಿ ಜೋರಾಗಿತ್ತು. ಅವಳು ನೀರು ಹಾಕಿ ಗುಡಿಸಿದಳು. ನಾನು ಚಿಪ್ಪು ಹಿಡಿದು, ಗೇಣಿನಲ್ಲಿ ಅಳೆದು, ಹೊಸಿಲಿನಿಂದ ರಸ್ತೆಯ ನಡುವಿನವರೆಗೆ ಸಾಲಾಗಿ ಚುಕ್ಕಿ ಇಟ್ಟುಕೊಂಡು ಹೋದೆ. ಸೊಂಟ ಹಿಡಿಯಿತು; ಹೇಳಲಿಲ್ಲ. ಒಂದು ಸಾಲು ಸ್ವಲ್ಪ ಪೂರ್ವಕ್ಕೆ ವಾಲಿತು. ಅವಳು ನೋಡಿದಳು, ಹೇಳಲಿಲ್ಲ. ಚಿಪ್ಪನ್ನು ಅವಳ ಎಡಗೈಗೆ ಕೊಟ್ಟೆ.

ಅವಳು ಬಾಗಿದಳು. ತೋಳನ್ನು ಒಮ್ಮೆ ಗಾಳಿಯಲ್ಲಿ ಸುತ್ತಿಸಿದಳು, ಕಣ್ಣು ದೂರದ ಚುಕ್ಕಿಯ ಮೇಲೆ. ಆಮೇಲೆ ಪುಡಿ ಇಳಿಯಿತು. ಮೊದಲ ಗೆರೆ ಹೊಸಿಲಿನಿಂದ ಹೊರಟು ಚುಕ್ಕಿಗಳ ನಡುವೆ ಹಾದು, ದೊಡ್ಡದಾಗಿ ಸುತ್ತಿ, ವಾಪಸು ಬಂದು ತನ್ನನ್ನೇ ಸೇರಿತು. ಎರಡನೆಯದರಲ್ಲಿ ಒಂದು ಕಡೆ ಕೈ ಜಾರಿ ಗೆರೆ ಸೊಟ್ಟಗಾಯಿತು. ಅವಳು ನಿಲ್ಲಲಿಲ್ಲ, ಸೊಟ್ಟಗೇ ಹೋಗಿ ಮುಟ್ಟಿದಳು. ಮೇಡಂ ಅವರ ಕಠಿಣ ಸೂತ್ರಗಳಲ್ಲಿ ಕೊನೆಯದೂ ಪಾಲನೆಯಾಯಿತು.

ಮುಗಿಸಿ ನೆಟ್ಟಗಾಗುವಾಗ ಅವಳ ಹಣೆಯಲ್ಲಿ ಆ ಚಳಿಯಲ್ಲೂ ಬೆವರಿತ್ತು. ಎದುರುಮನೆಯಾಕೆ ತಮ್ಮ ರಂಗೋಲಿಗೆ ಬಣ್ಣ ತುಂಬುತ್ತಿದ್ದವರು ಎದ್ದು ಬಂದರು. ಅಂಚಿನಲ್ಲಿ ನಿಂತು, ತುಳಿಯದಂತೆ ಸುತ್ತ ನಡೆದು ನೋಡಿದರು.

"ಅಯ್ಯಪ್ಪ! ಅಕ್ಕಾ, ಇಡೀ ರೋಡೇ ಹಿಡಿದ್ಬಿಟ್ಟಿದ್ದೀರಲ್ಲ! ನಮ್ಮ ಸ್ಕೂಟರ್ ಎಲ್ಲಿ ನಿಲ್ಲಿಸ್ಲಿ ಇನ್ಮೇಲೆ?"

"ಒಳಗೆ ನೂಕಿಕೊಳ್ಳಿ," ಎಂದಳು ನನ್ನ ಹೆಂಡತಿ. "ಅವತ್ತು ನೂಕಿದ್ರಲ್ಲ, ಬಾಣ ನೋಡಿ."

ಅವಳ ಮಣಿಕಟ್ಟು ಪೂರ್ತಿ ಬಂದಿಲ್ಲ, ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ನಾನು ಬರೆಯಬೇಕೆಂದಿದ್ದ ಮನೆಯ ಚಿತ್ರ ಇನ್ನೂ ಶುರುವಾಗಿಲ್ಲ. ತರಗತಿಯಲ್ಲಿ ಈಗ ದುಂಡು ಸೊನ್ನೆಗೆ ಬಂದಿದ್ದೇನೆ. ಚಿಪ್ಪು ಹೊಸಿಲ ಪಕ್ಕದ ಗೂಡಿಗೆ ವಾಪಸು ಹೋಗಿದೆ. ದಿನಾ ಬೆಳಗ್ಗೆ ಚುಕ್ಕಿ ನಾನಿಡುತ್ತೇನೆ, ಗೆರೆ ಅವಳು ಎಳೆಯುತ್ತಾಳೆ.